ಸಹಾಯ ಬೇಕು: ರಾತ್ರಿ ಪಾಳಿಗೆ ನೆಟ್‌ವರ್ಕ್ ತಂತ್ರಜ್ಞರು

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ನಮ್ಮದೊಂದು ಸಣ್ಣ ಫೈಬರ್ ಇಂಟರ್ನೆಟ್ ಸಂಸ್ಥೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನೆಟ್‌ವರ್ಕ್ ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದಾರೆ. ಅರ್ಜಿಗಳಿಗೇನೂ ಬರವಿಲ್ಲ. ಆದರೆ ಬಂದವರೆಲ್ಲ "ಹಗಲು ಪಾಳಿ ಯಾವಾಗ ಸಿಗುತ್ತದೆ ಸರ್?" ಎಂದೇ ಕೇಳುತ್ತಾರೆ. ಇದು ಕಾಯಂ ರಾತ್ರಿ ಕೆಲಸ, ಮುಚ್ಚಿಡುವುದೇನೂ ಇಲ್ಲ.

ಪರದೆ ನೋಡುತ್ತಾ ತೂಕಡಿಸುವ ಕೆಲಸವಂತೂ ಅಲ್ಲ. ತೀರ್ಥಹಳ್ಳಿ ಕಡೆ ಮಳೆಗೆ ಮರ ಉರುಳಿದರೆ ಒಂದೇ ಸಲಕ್ಕೆ ಹತ್ತಾರು ಮನೆಗಳ ಸಂಪರ್ಕ ಹೋಗುತ್ತದೆ. ಕೇಬಲ್ ತುಂಡಾಯಿತೋ, ಬರೀ ಕರೆಂಟ್ ಹೋಯಿತೋ? ಕರೆಂಟ್ ಹೋದಾಗ ಮನೆಯಲ್ಲಿರುವ ಇಂಟರ್ನೆಟ್ ಪೆಟ್ಟಿಗೆ ಆರುವ ಮುನ್ನ 'ಡೈಯಿಂಗ್ ಗ್ಯಾಸ್ಪ್' ಎಂಬ ಕೊನೆಯ ಸಂದೇಶ ಕಳಿಸುತ್ತದೆ. ಫೈಬರ್ ತುಂಡಾದರೆ ಅದೂ ಬರುವುದಿಲ್ಲ. ಇಷ್ಟನ್ನು ಗಮನಿಸುವವರಿದ್ದರೆ ಸ್ಪ್ಲೈಸಿಂಗ್ (ತುಂಡಾದ ಫೈಬರ್ ಜೋಡಿಸುವ) ಹುಡುಗರನ್ನು ನಡುರಾತ್ರಿ ಸುಮ್ಮನೆ ಎಬ್ಬಿಸುವುದು ತಪ್ಪುತ್ತದೆ. ಪಾಪ, ಅವರೂ ಮನುಷ್ಯರೇ.

ಡಿಪ್ಲೊಮಾ ಅಥವಾ ಐಟಿಐ ಆಗಿದ್ದರೆ ಸಾಕು. ಸಿಸಿಎನ್‌ಎ ಎಂಬ ನೆಟ್‌ವರ್ಕ್ ಪ್ರಮಾಣಪತ್ರ ಇದ್ದರೆ ಸಂತೋಷ, ಆದರೆ ನನಗೆ ಪ್ರಮಾಣಪತ್ರಕ್ಕಿಂತ ಬೆಳಗಿನ ಪಾಳಿಯವರಿಗೆ ಅರ್ಥವಾಗುವಂತೆ ನಾಲ್ಕು ಸಾಲು ಬರೆದಿಡುವ ಅಭ್ಯಾಸ ಮುಖ್ಯ. ಮಹಿಳೆಯರೂ ಅರ್ಜಿ ಹಾಕಬಹುದು. ಮನೆಯಿಂದ ಕರೆತಂದು ಬಿಡಲು ವಾಹನ ನಮ್ಮದೇ.

ನಿಮಗೆ ಪರಿಚಯದವರಿದ್ದರೆ ದಯವಿಟ್ಟು ತಿಳಿಸಿ. ಇನ್ನೊಂದು ಮಾತು: ಬೆಂಗಳೂರಿನಲ್ಲಿ ಇಂಥ ಕೆಲಸದಲ್ಲಿರುವವರು ರಾತ್ರಿ ಭತ್ಯೆ ಎಷ್ಟು, ವಾರಕ್ಕೆ ರಜೆ ಎಷ್ಟು ಎಂದು ಹೇಳಿದರೆ ಉಪಕಾರವಾಗುತ್ತದೆ. ಸಂಬಳ ನಿಗದಿ ಮಾಡುವ ಮೊದಲು ಅದು ಗೊತ್ತಿರಬೇಕು.