1ನೇ ಮನೆ, 12ನೇ ಮನೆ

ಗುಂಪು: ಎಂ.ಎಸ್ಸಿ. ಗಣಿತ, ಹಿಂದಿನ ಬೆಂಚು

ಮಂಜು: [ಹಲವು ಬಾರಿ ಫಾರ್ವರ್ಡ್ ಆದ ವಿಡಿಯೋ, 11 ನಿಮಿಷ] ‘ಜೋಡಿಯಾಕ್ ಕೊಲೆಗಾರನ ಹೆಸರು ಸಿಕ್ಕೇಬಿಡ್ತು! 13 ಚಿಹ್ನೆಯ ಗುಟ್ಟು ಎಐ ಕೈಲಿ ರಟ್ಟು’

ಮಂಜು: ಪೂರ್ತಿ ನೋಡಿ ಆಮೇಲೆ ಜಗಳಕ್ಕೆ ಬನ್ನಿ. 9ನೇ ನಿಮಿಷದಲ್ಲಿ ಹೆಸರು ಬರುತ್ತೆ.

ಹರೀಶ: ಮತ್ತೊಬ್ಬನಾ?

ಶೈಲಜಾ: ನೋಡಿದೆ. ಮಂಜು, ಆ ಹೆಸರನ್ನ ಇಲ್ಲಿ ಟೈಪ್ ಮಾಡಬೇಡ. ಯಾವ ಕೋರ್ಟೂ ಹೇಳದ ಮಾತು. ಅವನ ಮನೆಯವರೂ ಫೋನ್ ಇಟ್ಕೊಂಡಿರ್ತಾರೆ.

ಮಂಜು: ಸರಿ, ಹೆಸರು ಬೇಡ. ವಿಧಾನದಲ್ಲಿ ತಪ್ಪೇನು, ಅದನ್ನ ಹೇಳು. 2020ರಲ್ಲಿ 340ರ ಗೂಢಲಿಪಿ ಬಿಡಿಸಿದಾಗ ಕುಣಿದಾಡಿದವರು ನೀವೇ. ಅದೂ ಕಂಪ್ಯೂಟರೇ, ಇದೂ ಕಂಪ್ಯೂಟರೇ.

ಮೂರ್ತಿ ಸರ್: ಶೈಲಜಾ, ನನ್ನಂಥವರಿಗೂ ಅರ್ಥ ಆಗೋ ಹಾಗೆ ಮೊದಲಿಂದ ಹೇಳಮ್ಮ. 340, 13 ಅಂದ್ರೆ ಏನು?

ಶೈಲಜಾ: ಹೇಳ್ತೀನಿ ಸರ್. ಜೋಡಿಯಾಕ್ ಅಂದ್ರೆ 1960ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೊಲೆ ಮಾಡಿ, ಪತ್ರಿಕೆಗಳಿಗೆ ಕಾಗದ ಬರೀತಿದ್ದವನು, ಯಾರು ಅಂತ ಇನ್ನೂ ಗೊತ್ತಾಗಿಲ್ಲ. ಅವನು ಪತ್ರಿಕೆಗಳಿಗೆ ಕಳಿಸಿದ ಗೂಢಲಿಪಿ ನಾಲ್ಕು. ಮೊದಲನೇದು 1969ರ ಜುಲೈ 31ರದ್ದು, 408 ಚಿಹ್ನೆ. ಮೂರು ತುಂಡು ಮಾಡಿ ಮೂರು ಪತ್ರಿಕೆಗೆ ಹಾಕಿದ್ದ. ಕ್ಯಾಲಿಫೋರ್ನಿಯಾದ ಸಲಿನಾಸ್‌ನ ಒಬ್ಬ ಮೇಷ್ಟ್ರು, ಅವರ ಹೆಂಡತಿ, ಇಬ್ಬರೂ ಪೆನ್ಸಿಲ್ ಹಿಡಿದು ಬಿಡಿಸಿದರು. ಕೊಲ್ಲೋ ಮಾತು ಇದ್ದೇ ಇರುತ್ತೆ ಅಂತ ಊಹಿಸಿ, ‘ಕಿಲ್’ ಪದದ ಜೋಡಿ ‘ಎಲ್’ ಹುಡುಕಿದ್ದು ಆ ಹೆಂಗಸು. ಎರಡನೇದು ಅದೇ ವರ್ಷ ನವೆಂಬರ್ 8ರ 340 ಚಿಹ್ನೆ. ಮೂರನೇದು 1970ರ ಏಪ್ರಿಲ್ 20ರ ಕಾಗದದ್ದು: ‘ನನ್ನ ಹೆಸರು’ ಅಂತ ಬರೆದು ಮುಂದೆ ಬರೀ 13 ಚಿಹ್ನೆ. ನಾಲ್ಕನೇದು ಜೂನ್ 26ರ 32 ಚಿಹ್ನೆ, ಜೊತೆಗೊಂದು ನಕ್ಷೆ. ಮೊದಲೆರಡು ಬಿಡಿಸಿಯಾಗಿದೆ. ಕೊನೆಯೆರಡು ಹಾಗೇ ಇವೆ.

ಮಂಜು: ಹಾಗೇ ‘ಇದ್ದವು’. ವಿಡಿಯೋದಲ್ಲಿ ಎಐ 97 ಪರ್ಸೆಂಟ್ ಖಚಿತ ಅಂತ ತೋರಿಸ್ತಾರೆ.

ಹರೀಶ: ಯಾವುದರ ಮೇಲೆ 97? ಇಂಥ ಪ್ರೋಗ್ರಾಂ ಮಾಡೋ ಕೆಲಸ ಇಷ್ಟೇ. ಒಂದು ಕೀಲಿ (ಯಾವ ಚಿಹ್ನೆಗೆ ಯಾವ ಅಕ್ಷರ ಅನ್ನೋ ಪಟ್ಟಿ) ಹಾಕುತ್ತೆ, ಬಂದ ಅಕ್ಷರಸಾಲು ಇಂಗ್ಲಿಷ್ ಥರ ಇದೆಯಾ ಅಂತ ಐದೈದು ಅಕ್ಷರದ ಗುಂಪು ನೋಡಿ ಅಂಕ ಕೊಡುತ್ತೆ. ಕೀಲಿಯಲ್ಲಿ ಒಂದು ಅಕ್ಷರ ಬದಲಿಸುತ್ತೆ. ಅಂಕ ಏರಿದರೆ ಇಟ್ಕೊಳ್ಳುತ್ತೆ, ಇಳಿದರೆ ಬಿಡುತ್ತೆ. ಹೀಗೆ ಲಕ್ಷಾಂತರ ಸಲ. 340 ಅಕ್ಷರ ಇದ್ದಾಗ ಸುಳ್ಳು ಕೀಲಿಗೆ ಒಳ್ಳೇ ಅಂಕ ಬರೋದು ಕಷ್ಟ. 13ರಲ್ಲಿ ಬಾಯಲ್ಲಿ ಉಚ್ಚರಿಸೋಕೆ ಆಗೋ ಯಾವ ಸಾಲಿಗೂ ಬರುತ್ತೆ. ಅದಕ್ಕಿಂತ ಮೋಸ 4ನೇ ನಿಮಿಷದಲ್ಲಿದೆ: ‘ಶಂಕಿತರ ಪಟ್ಟಿ ಅಪ್‌ಲೋಡ್ ಮಾಡಿದೆವು’ ಅಂತಾರಲ್ಲ, ಅಲ್ಲಿಗೆ ಮುಗೀತು. ಪಟ್ಟಿಯಲ್ಲಿ ಇಲ್ಲದವನ ಹೆಸರು ಹೇಳೋಕೆ ಆ ಯಂತ್ರಕ್ಕೆ ದಾರಿಯೇ ಇಲ್ಲ.

ಹರೀಶ: ಮತ್ತೆ ಹಳೇ ಲೆಕ್ಕ ನೆನಪಿದೆಯಲ್ಲ, ಅಕ್ಷರಕ್ಕೆ ಅಕ್ಷರ ಬದಲಿಸೋ ಲಿಪಿಗೆ ಒಂದೇ ಉತ್ತರ ಸಿಗಬೇಕಾದ್ರೆ ಸುಮಾರು 28 ಅಕ್ಷರ ಬೇಕು. ಇಲ್ಲಿರೋದು 13. ಚರ್ಚೆ ಖಲಾಸ್.

ಶೈಲಜಾ: ಹರೀ, ಆ 28 ಇಲ್ಲಿಗೆ ಕೂಡಲ್ಲ. ಅದು 26 ಅಕ್ಷರದ ಪೂರ್ತಿ ಕೀಲಿಗೆ: ಅದರ ಆಯ್ಕೆಗಳು 88 ಬಿಟ್ (ಹೌದು-ಅಲ್ಲ ಅನ್ನೋ ಪ್ರಶ್ನೆಗಳ ಲೆಕ್ಕ), ಇಂಗ್ಲಿಷಿನ ಒಂದೊಂದು ಅಕ್ಷರದಿಂದ ಸಿಗೋ ಸುಳಿವು 3.2 ಬಿಟ್, ಭಾಗಿಸಿದ್ರೆ 28. ಈ 13ರಲ್ಲಿ ಬೇರೆಬೇರೆ ಚಿಹ್ನೆ ಇರೋದು ಎಂಟೇ. ಎಂಟು ಚಿಹ್ನೆಗೆ 26ರಲ್ಲಿ ಯಾವುದಾದರೂ ಅಂದ್ರೆ 37.6 ಬಿಟ್, ಭಾಗಿಸಿದ್ರೆ 12ರ ಹತ್ತಿರ.

ಮಂಜು: ಕೇಳಿದ್ರಾ! 12 ಸಾಕು, ಇರೋದು 13. ನಿಮ್ಮ ಶೈಲೂನೇ ಹೇಳಿದ್ದು.

ಶೈಲಜಾ: ತಡಿ ಮಾರಾಯ. 3.2 ಬಂದಿದ್ದು ಸಾಮಾನ್ಯ ಇಂಗ್ಲಿಷ್ ವಾಕ್ಯದಿಂದ. ಮುಂದಿನ ಅಕ್ಷರ ಇಂಥದ್ದೇ ಅಂತ ವಾಕ್ಯದಲ್ಲಿ ಊಹಿಸಬಹುದು. ಹೆಸರಲ್ಲಿ ಅಷ್ಟು ಊಹೆ ನಡೆಯಲ್ಲ, ಅಡ್ಡಹೆಸರಲ್ಲಂತೂ ಇಲ್ಲವೇ ಇಲ್ಲ. ಆ ಭಾಜಕ ಇಳಿದ ಹಾಗೆ ಬೇಕಾದ ಉದ್ದ ಏರುತ್ತೆ. ಇನ್ನೊಂದು, ವಿಡಿಯೋದವರು ಅಕ್ಷರ ಹಾಕಿದ ಮೇಲೆ ಅವನ್ನ ಕಲಸಿ ಹೊಸದಾಗಿ ಜೋಡಿಸಿದ್ದಾರೆ, 7ನೇ ನಿಮಿಷ ನೋಡು. 13 ಅಕ್ಷರದಲ್ಲಿ ಮೂರು ಜೋಡಿ, ಒಂದು ಮೂರರ ಗುಂಪು ಇದೆ ಅಂತ ಕಳೆದರೂ 12 ಕೋಟಿ 97 ಲಕ್ಷ ಜೋಡಣೆ. ಅಂದ್ರೆ ಇನ್ನೂ 27 ಬಿಟ್. 3.2ರಿಂದಲೇ ಭಾಗಿಸು, ಇನ್ನೂ ಎಂಟೊಂಬತ್ತು ಅಕ್ಷರ ಬೇಕು. ನಿನ್ನ 13 ಅಲ್ಲೇ ಸೋತಿತು.

ಮಂಜು: 340ರಲ್ಲೂ ಕಲಸಿದ್ದ ತಾನೇ ಅವನು? ಅಲ್ಲಿ ಕಲಸಿದ್ರೆ ಜಾಣತನ, ಇಲ್ಲಿ ಕಲಸಿದ್ರೆ ಮೋಸ. ಇದ್ಯಾವ ನ್ಯಾಯ?

ಶೈಲಜಾ: ಒಳ್ಳೇ ಪ್ರಶ್ನೆ, ಅದಕ್ಕೇ ಬಿಡಿಸಿ ಬರೀತೀನಿ. 340 ಅಂದ್ರೆ 20 ಸಾಲು, ಸಾಲಿಗೆ 17 ಚಿಹ್ನೆ. ಅದನ್ನ 9 ಸಾಲು, 9 ಸಾಲು, 2 ಸಾಲು ಅಂತ ಮೂರು ಪಾಲು ಮಾಡಬೇಕು. ಮೊದಲ ಪಾಲಿನ ಎಡ ಮೂಲೆಯಿಂದ ಶುರು: ಒಂದು ಮನೆ ಕೆಳಗೆ, ಎರಡು ಮನೆ ಬಲಕ್ಕೆ. ಚದುರಂಗದ ಕುದುರೆ ನಡೆ. ಒಂಬತ್ತನೇ ಅಕ್ಷರ 9ನೇ ಸಾಲಿನ 17ನೇ ಮನೆಗೆ ಸರಿಯಾಗಿ ಬಂದು ಕೂರುತ್ತೆ. ಹತ್ತನೇದು ಮತ್ತೆ 1ನೇ ಸಾಲಿನ 2ನೇ ಮನೆ. ಬಲಗಡೆ ಜಾಗ ಮುಗಿದರೆ ಎಡಗಡೆಯಿಂದ ಒಳಗೆ ಬರಬೇಕು. ಹೀಗೆ 153 ಮನೆಯೂ ಒಂದೊಂದೇ ಸಲ ಮುಗಿಯುತ್ತವೆ. ಒಂದೇ ನಿಯಮ, ಒಂದೇ ಸಾಲಿನಲ್ಲಿ ಹೇಳಬಹುದು. ವಿಡಿಯೋದವರ ಜೋಡಣೆಗೆ ನಿಯಮ ಯಾವುದು? ಹೆಸರು ಬರೋ ತನಕ ತಿರುಗಿಸೋದೇ ನಿಯಮ.

ಹರೀಶ: ಇದನ್ನ ಕಂಡುಹಿಡಿದ ಮೂವರಲ್ಲಿ ಡೇವಿಡ್ ಓರಾನ್‌ಚಾಕ್ ಅಮೆರಿಕದ ಪ್ರೋಗ್ರಾಮರ್, ಸ್ಯಾಮ್ ಬ್ಲೇಕ್ ಆಸ್ಟ್ರೇಲಿಯಾದ ಗಣಿತಜ್ಞ, ಯಾರ್ಲ್ ವಾನ್ ಐಕೆ ಬೆಲ್ಜಿಯಂನವನು, ಲಿಪಿ ಬಿಡಿಸೋ ಪ್ರೋಗ್ರಾಂ ಅವನದೇ. ಓದುವ ಹಾದಿಗಳನ್ನೇ ಸುಮಾರು ಆರೂವರೆ ಲಕ್ಷ ಥರ ಮಾಡಿ ಒಂದೊಂದನ್ನೂ ಪ್ರೋಗ್ರಾಂಗೆ ತಿನ್ನಿಸಿದ್ರು. ಬಹುಪಾಲು ಬರೀ ಕಸ.

ಮೂರ್ತಿ ಸರ್: ಅಷ್ಟೊಂದು ಸಲ ಪ್ರಯತ್ನಪಟ್ಟರೆ ಎಲ್ಲೋ ಒಂದು ಕಡೆ ಆಕಸ್ಮಿಕವಾಗಿ ಅರ್ಥ ಬಂದೀತಲ್ಲ? ಮಂಜುನ ಅನುಮಾನ ಪೂರ್ತಿ ತಳ್ಳಿಹಾಕೋ ಹಾಗಿಲ್ಲ.

ಶೈಲಜಾ: ಬರಬಹುದು ಸರ್, ಎರಡು ಮೂರು ಪದ. ಅವರಿಗೂ ಮೊದಲು ಕಂಡದ್ದು ಅಷ್ಟೇ: ನನ್ನನ್ನ ಹಿಡಿಯೋಕೆ ನೋಡ್ತಿದ್ದೀರಿ ಅನ್ನೋ ಅರ್ಥದ ತುಂಡು, ಆಮೇಲೆ ‘ಗ್ಯಾಸ್ ಚೇಂಬರ್’, ಅಂದ್ರೆ ಮರಣದಂಡನೆಯ ವಿಷಾನಿಲದ ಕೋಣೆ. ಆ ತುಂಡುಗಳನ್ನ ಗಟ್ಟಿಯಾಗಿ ಹಿಡಿದಿಟ್ಟು, ಮೊದಲ 9 ಸಾಲನ್ನ ಮಾತ್ರ ಮತ್ತೆ ಓಡಿಸಿದರು. ಆಗ ಹೊಸದಾಗಿ ಬಂದ ಮಾತು: ಟಿವಿ ಕಾರ್ಯಕ್ರಮದಲ್ಲಿ ಮಾತಾಡಿದ್ದು ನಾನಲ್ಲ. ಇದನ್ನ ಯಾರೂ ಒಳಗೆ ಹಾಕಿರಲಿಲ್ಲ. 1969ರ ಅಕ್ಟೋಬರ್ 22ರಂದು ಸ್ಯಾನ್ ಫ್ರಾನ್ಸಿಸ್ಕೋದ ಟಿವಿ ಕಾರ್ಯಕ್ರಮಕ್ಕೆ ಒಬ್ಬ ಫೋನ್ ಮಾಡಿ ನಾನೇ ಜೋಡಿಯಾಕ್, ಗ್ಯಾಸ್ ಚೇಂಬರ್ ಅಂದ್ರೆ ಭಯ ಅಂದಿದ್ದ. ಕಾಗದ ಬಂದಿದ್ದು 17 ದಿನ ಆದ ಮೇಲೆ. ಸ್ವರ್ಗ ಅನ್ನೋ ಇಂಗ್ಲಿಷ್ ಪದದ ಕಾಗುಣಿತ 408ರಲ್ಲಿ ಎಲ್ಲಿ ತಪ್ಪಿತ್ತೋ 340ರಲ್ಲೂ ಅಲ್ಲೇ ತಪ್ಪಿದೆ. 2020ರ ಡಿಸೆಂಬರ್ 11ಕ್ಕೆ ಎಫ್‌ಬಿಐ ಒಪ್ಪಿತು.

ಶೈಲಜಾ: ಮಂಜು, ನನ್ನ ಜಗಳ ಇಷ್ಟೇ. 340 ಬಿಡಿಸಿದವರಿಗೆ ತಾವು ಹಾಕಿದ್ದಕ್ಕಿಂತ ಜಾಸ್ತಿ ವಾಪಸ್ ಬಂತು. ನಿನ್ನ ವಿಡಿಯೋದಲ್ಲಿ ಹಾಕಿದ್ದೇ ವಾಪಸ್ ಬಂತು.

ಹರೀಶ: 2017ರಲ್ಲಿ ಒಂದು ಟಿವಿ ಸರಣಿಯಲ್ಲೂ 340 ಬಿಡಿಸಿದೆವು ಅಂತ ಸಂಗೀತ ಹಾಕಿ ತೋರಿಸಿದ್ರು. ನಿಜವಾದ ಬರಹ ಹೊರಬಂದಾಗ ಅದಕ್ಕೂ ಇದಕ್ಕೂ ತಾಳಮೇಳ ಇರಲಿಲ್ಲ.

ಮಂಜು: ಅವನೇ ತಪ್ಪು ಮಾಡ್ತಿದ್ದ ಅಂತ ನೀವೇ ಒಪ್ತೀರಿ. 340ರ ಎರಡನೇ ಪಾಲಿನಲ್ಲಿ ಒಂದು ಕಡೆ ಸಾಲೇ ಒಂದು ಮನೆ ಸರಿದಿದೆಯಂತೆ. ಕೊನೆ ಎರಡು ಸಾಲಿನಲ್ಲಿ ಕೆಲವು ಪದ ಉಲ್ಟಾ. ಹಾಗಿದ್ರೆ 13ರಲ್ಲೂ ಒಂದು ತಪ್ಪು ಬಿಟ್ಟುಕೊಡಿ. ಮತ್ತೆ ಒಂದೇ ಅಕ್ಷರಕ್ಕೆ ಹಲವು ಚಿಹ್ನೆ ಬಳಸೋದು ಅವನ ಅಭ್ಯಾಸ, 408ರಲ್ಲಿ ‘ಇ’ಗೇ ಏಳು ಚಿಹ್ನೆ. ಹಾಗಾಗಿ ನಿಮ್ಮ ಎಂಟರ ಲೆಕ್ಕವೂ ಗಟ್ಟಿ ಅಲ್ಲ.

ಶೈಲಜಾ: ಒಂದು ಅಕ್ಷರಕ್ಕೆ ಏಳು ಚಿಹ್ನೆ ಇರಲಿ. ಒಂದು ಚಿಹ್ನೆಗೆ ಏಳು ಅಕ್ಷರ ಇರಬಾರದು. ದಿಕ್ಕು ಮರೀಬೇಡ. ಈಗ ಒಂದು ಪೇಪರ್ ತಗೋ, 13 ಮನೆ ಬರಿ. ಅವನ ಚಿಹ್ನೆಗಳ ಪ್ರಕಾರ:
1ನೇ ಮನೆ = 12ನೇ ಮನೆ
3ನೇ ಮನೆ = 11ನೇ ಮನೆ
8ನೇ ಮನೆ = 13ನೇ ಮನೆ
5, 7, 9 ಮೂರೂ ಒಂದೇ (ವೃತ್ತದೊಳಗೆ ಎಂಟು ಬರೆದ ಚಿಹ್ನೆ)
2, 4, 6, 10 ಒಂಟಿ, ಏನು ಬೇಕಾದ್ರೂ ಹಾಕ್ಕೋ.

ಶೈಲಜಾ: ಇನ್ನು ‘ಒಂದು ತಪ್ಪು ಬಿಟ್ಟುಕೊಡಿ’ ಅಂದ್ಯಲ್ಲ. ಆಲ್ಫ್ರೆಡ್ ಇ ನ್ಯೂಮನ್ ಅಂತ ಇಂಗ್ಲಿಷಿನಲ್ಲಿ ಬರೆದು ನೋಡು, 13 ಅಕ್ಷರ. 1 ಮತ್ತು 12 ‘ಎ’. 5, 7, 9 ‘ಇ’. 8 ಮತ್ತು 13 ‘ಎನ್’. ತಪ್ಪೋದು ಒಂದೇ ಕಡೆ, 3ರಲ್ಲಿ ‘ಎಫ್’, 11ರಲ್ಲಿ ‘ಎಂ’.

ಹರೀಶ: ಹಹಹ. ಅಮೆರಿಕದ ಹಾಸ್ಯಪತ್ರಿಕೆ ‘ಮ್ಯಾಡ್’ನ ಮುಖಪುಟದಲ್ಲಿ ಹಲ್ಲುಕಿರಿಯೋ ಹುಡುಗ! ಅವನನ್ನ ಅರೆಸ್ಟ್ ಮಾಡ್ರಪ್ಪ.

ಮಂಜು: ಕಾಕತಾಳೀಯ.

ಶೈಲಜಾ: ಅದನ್ನೇ ಅಲ್ವಾ ಅರ್ಧ ಗಂಟೆಯಿಂದ ಹೇಳ್ತಿರೋದು. ಒಂದು ತಪ್ಪಿಗೆ ವಿನಾಯ್ತಿ ಕೊಟ್ಟರೆ ಕಾಮಿಕ್ಸ್ ಹುಡುಗನೂ ಕೊಲೆಗಾರ ಆಗ್ತಾನೆ.

ಮಂಜು: ಲಿಪಿ ಬಿಡು. ಡಿಎನ್ಎ ಇದೆಯಲ್ಲ. ದಶಕಗಟ್ಟಲೆ ಸಿಗದಿದ್ದ ಕ್ಯಾಲಿಫೋರ್ನಿಯಾದ ಸರಣಿ ಕೊಲೆಗಾರ ಗೋಲ್ಡನ್ ಸ್ಟೇಟ್ ಕಿಲ್ಲರ್‌ನ 2018ರಲ್ಲಿ ಹಿಡಿದ ಹಾಗೆ ವಂಶಾವಳಿ ಹುಡುಕಿ ಹಿಡೀಬಹುದು. ಅನ್ವರ್, ನೀನ್ಯಾಕೆ ಬಾಯಿ ಬಿಡ್ತಿಲ್ಲ?

ಅನ್ವರ್: ಓದ್ತಾ ಇದ್ದೆ. ಆ ಕೇಸ್‌ನಲ್ಲಿ 1980ರ ಪ್ರಕರಣವೊಂದರ ವೀರ್ಯದ ಮಾದರಿಯನ್ನ ಜೋಪಾನವಾಗಿ ಇಟ್ಟಿದ್ದರು. ಮಾದರಿ ಯಾರದು ಅನ್ನೋದರಲ್ಲಿ ಅನುಮಾನ ಇರಲಿಲ್ಲ, ಪ್ರಮಾಣವೂ ಸಾಕಷ್ಟಿತ್ತು. ಪೊಲೀಸ್ ಡೇಟಾಬೇಸಿಗೆ ಡಿಎನ್ಎಯ 20 ಜಾಗ ಓದಿದರೆ ಸಾಕು. ದೂರದ ದಾಯಾದಿಗಳನ್ನ ಹುಡುಕೋಕೆ ಜೀನೋಮಿನ (ಇಡೀ ಡಿಎನ್ಎಯ) ಲಕ್ಷಾಂತರ ಜಾಗ ಓದಬೇಕು. ಹಾಗೆ ಓದಿದ ಮೇಲೂ ಸಿಕ್ಕಿದ್ದು ದೂರದ ನೆಂಟರು ಮಾತ್ರ. ವಂಶವೃಕ್ಷ ಬರೆದು, ವಯಸ್ಸು, ಊರು ನೋಡಿ ಒಬ್ಬನಿಗೆ ಇಳಿಸಿ, ಅವನ ಕಾರಿನ ಬಾಗಿಲ ಹಿಡಿಯಿಂದ, ಅವನು ಬಿಸಾಕಿದ ಟಿಶ್ಯೂನಿಂದ ಮತ್ತೆ ಮಾದರಿ ತಗೊಂಡು ತಾಳೆ ನೋಡಿದರು. ವಂಶಾವಳಿ ಕೊಟ್ಟಿದ್ದು ದಾರಿ, ಸಾಕ್ಷ್ಯ ಆಮೇಲಿನದ್ದು. ಜೋಡಿಯಾಕ್‌ದು ಇರೋದು 2002ರಲ್ಲಿ ಅಂಚೆಚೀಟಿಯಿಂದ ತೆಗೆದ ಅರೆಬರೆ ಪ್ರೊಫೈಲ್. ಅಂಚೆಚೀಟಿ ನೆಕ್ಕಿದವನೇ ಬರೆದವನು ಅಂತ ಯಾರು ಸಹಿ ಹಾಕ್ತಾರೆ?

ಮಂಜು: ಹಾಗಾದ್ರೆ 2007ರ ‘ಜೋಡಿಯಾಕ್’ ಸಿನಿಮಾ ಬೆರಳು ತೋರಿಸಿದವನನ್ನ ಅದೇ ಡಿಎನ್ಎಯಿಂದ ಬಿಟ್ಟಿದ್ದೂ ತಪ್ಪಾ?

ಅನ್ವರ್: ಆ ಡಿಎನ್ಎ ಅವನದಲ್ಲ ಅನ್ನೋ ತನಕ ಮಾತ್ರ ಹೇಳಬಹುದು. ಅಪರಾಧಿ ಅಂತಲೂ ಅಲ್ಲ, ನಿರಪರಾಧಿ ಅಂತಲೂ ಅಲ್ಲ. ಬೆರಳಚ್ಚು, ಕೈಬರಹ ಕೂಡ ಹೊಂದಲಿಲ್ಲ. ಆರೋಪ ಹೊರಿಸೋ ಹಂತಕ್ಕೇ ಬರದೆ 1992ರಲ್ಲಿ ಸತ್ತ. ಸಿನಿಮಾ ನೋಡಿ ಬಂದವರಿಗೆ ಮಾತ್ರ ಕೇಸ್ ಮುಗಿದಿದೆ.

ಶೈಲಜಾ: ಸಿನಿಮಾ ಚೆನ್ನಾಗಿದೆ ಅನ್ನೋದು ಬೇರೆ ಮಾತು. ಆದ್ರೆ ಇವನು ಕೊಂದದ್ದು ಐದು ಜನ ಅಂತ ಖಚಿತ ಆಗಿದೆ, ತಾನೇ 37 ಅಂತ ಜಂಬ ಕೊಚ್ಚಿಕೊಂಡಿದ್ದ. ವಿಡಿಯೋದ ಥಂಬ್‌ನೇಲ್ ಮೇಲೆ ಯಾವ ಸಂಖ್ಯೆ ಇದೆ ನೋಡಿ. ಸಿಟ್ಟು ಬರೋದು ಅಲ್ಲಿ.

ಮೂರ್ತಿ ಸರ್: ಮಂಜುನಾಥ, ಆ ಹದಿಮೂರು ಮನೆ ತುಂಬಿದೆಯೇನಪ್ಪ?

ಮಂಜು: ತುಂಬ್ತಾ ಇದ್ದೀನಿ ಸರ್. 1 ಮತ್ತು 12 ಬೇರೆಬೇರೆ ಬರ್ತಿದೆ. ಆದ್ರೆ ಅವರು ಕಲಸಿದ್ದಾರಲ್ಲ, ಮನೆ ನೋಡೋ ಹಾಗಿಲ್ಲ.

ಶೈಲಜಾ: ಕಲಸಿದ್ರೂ ಒಂದು ಪರೀಕ್ಷೆ ಉಳಿಯುತ್ತೆ. ಆ ವೃತ್ತದ ಎಂಟು ಮೂರು ಸಲ ಇದೆ. ಹೇಗೇ ಜೋಡಿಸಿದ್ರೂ ಹೆಸರಲ್ಲಿ ಯಾವುದಾದರೂ ಒಂದು ಅಕ್ಷರ ಕಡೇಪಕ್ಷ ಮೂರು ಸಲ ಬರಲೇಬೇಕು. ಎಣಿಸು.

[ಒಂಬತ್ತು ನಿಮಿಷ ಯಾರೂ ಇಲ್ಲ]

ಮಂಜು: ಯಾವುದೂ ಮೂರು ಸಲ ಇಲ್ಲ. ಎರಡೆರಡು ಸಲ ಎರಡು ಅಕ್ಷರ ಇದೆ.

ಹರೀಶ: ಎಐಗೆ ಎಣಿಸೋಕೆ ಬರಲ್ವಾ ಹಾಗಾದ್ರೆ?

[ಈ ಸಂದೇಶವನ್ನು ಅಳಿಸಲಾಗಿದೆ]

ಮಂಜು: ಇಲ್ಲಿ ತೆಗೆದೆ. ನಮ್ಮ ಮನೆ ಗುಂಪಿನಲ್ಲಿ ಭಾವ ಆಗಲೇ ಇನ್ನೂ ನಾಲ್ಕು ಕಡೆ ಕಳಿಸಿದ್ದಾರೆ.

ಶೈಲಜಾ: ಅವರಿಗೆ ನ್ಯೂಮನ್ ಕಳಿಸು.

ಮೂರ್ತಿ ಸರ್: ನನ್ನ ಪೂರ್ತಿ ಹೆಸರೂ ಇಂಗ್ಲಿಷಿನಲ್ಲಿ 13 ಅಕ್ಷರ, ಈಗ ಎಣಿಸಿದೆ. 3 ಮತ್ತು 11 ಕೂಡುತ್ತೆ. ಪುಣ್ಯಕ್ಕೆ 1 ಮತ್ತು 12 ಕೂಡಲಿಲ್ಲ.