ಎಂಎಲ್‌ಎ ಹೇಳಿದ ಮಾತ್ರಕ್ಕೆ ನೋಟಿಸ್ ನಿಲ್ಲೊಲ್ಲ ಪುಟ್ಟಿ

ಪುಟ್ಟೀ, ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ್ದನ್ನು ಈಗ ಬೆಳಿಗ್ಗೆ ಮೊಮ್ಮಗಳ ಹತ್ತಿರ ಓದಿಸಿಕೊಂಡೆ. ಕಣ್ಣಿನ ಆಪರೇಷನ್ ಆದ ಮೇಲೆ ಟೈಪ್ ಮಾಡುವುದು ಕಷ್ಟ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ. ಎಲ್ಲರೂ ಪೂರ್ತಿ ಕೇಳಿ, ಅರ್ಧಕ್ಕೆ ನಿಲ್ಲಿಸಬೇಡಿ.

ನಿಮ್ಮ ಅಂಗಡಿಗೆ ತೆರಿಗೆ ಇಲಾಖೆಯಿಂದ ಜಿಎಸ್‌ಟಿ ನೋಟಿಸ್ ಬಂದಿದೆ, ಫೋನಿನಲ್ಲಿ ಬಂದ ದುಡ್ಡೇ ವರ್ಷಕ್ಕೆ 40 ಲಕ್ಷ ದಾಟಿದೆ ಅಂತ. ಸೈನ್ಯದಿಂದ ನಿವೃತ್ತರಾಗಿ ಬಂದ ನಿನ್ನ ಯಜಮಾನರು, ನಮ್ಮ ಅಳಿಯಂದಿರು, ವರ್ತಕರ ಸಭೆಗೆ ಹೋಗಿದ್ದರು. ಅಲ್ಲಿ ಎಂಎಲ್‌ಎ ಮೈಕ್ ಹಿಡಿದು, ಸಣ್ಣ ಅಂಗಡಿಯವರು ಹೆದರಬೇಡಿ, ನಾನು ಸದನದಲ್ಲಿ ಮಾತಾಡುತ್ತೇನೆ, ಅದರಲ್ಲೂ ದೇಶ ಕಾದವರ ಅಂಗಡಿಗೆ ತೆರಿಗೆಯೇ ಇರಬಾರದು, ಮಾಜಿ ಸೈನಿಕರಿಗೆ ಜಮೀನೂ ಕೊಡಿಸುತ್ತೇನೆ ಅಂದರು. ಅದಕ್ಕೆ ಅಳಿಯಂದಿರು ನೋಟಿಸನ್ನು ದೇವರ ಫೋಟೋ ಹಿಂದೆ ಸಿಕ್ಕಿಸಿ ಸುಮ್ನೆ ಕೂತಿದ್ದಾರೆ. ನಂಬಬಹುದಾ ದೊಡ್ಡಮ್ಮ ಅಂತ ಕೇಳಿದ್ದೀಯ.

ನಂಬಬೇಡ. ವೇದಿಕೆ ಮೇಲೆ ಆಡಿದ ಮಾತಿಗೆ ತೆರಿಗೆ ಆಫೀಸಿನಲ್ಲಿ ಮೂರು ಕಾಸಿನ ಬೆಲೆ ಇಲ್ಲ. ಕಾಗದದಲ್ಲಿ ಬಂದಿದ್ದಷ್ಟೇ ಲೆಕ್ಕ.

ಇದನ್ನ ನಾನು ಯಾಕೆ ಇಷ್ಟು ಜೋರಾಗಿ ಹೇಳುತ್ತೇನೆ ಅಂತ ದೊಡ್ಡವರಿಗೆಲ್ಲ ಗೊತ್ತು. ಚಿಕ್ಕವರಿಗೆ ಗೊತ್ತಿಲ್ಲ, ಅವರಿಗಾಗಿ ಹೇಳುತ್ತೇನೆ. ನಿಮ್ಮ ದೊಡ್ಡಪ್ಪ, ಅಂದರೆ ನಮ್ಮ ಯಜಮಾನರು, ಸೈನ್ಯದ ಮದ್ರಾಸ್ ಸ್ಯಾಪರ್ಸ್ ದಳದಲ್ಲಿ ಹವಾಲ್ದಾರ್ ಆಗಿ ನಿವೃತ್ತಿಯಾಗಿ ಬಂದವರು. ಶ್ರೀಲಂಕಾಕ್ಕೂ ಹೋಗಿ ಬಂದಿದ್ದರು, ಅದು ಬೇರೆ ಕಥೆ. ಬಂದ ದುಡ್ಡಿನಲ್ಲಿ ಸಂತೆ ಬೀದಿಯಲ್ಲಿ ಹಾರ್ಡ್‌ವೇರ್ ಅಂಗಡಿ ಹಾಕಿದರು. ತೋಟದವರಿಗೆ ಮುಳ್ಳುತಂತಿ, ಮೊಳೆ, ಪೈಪು, ಪೇಂಟು, ಮೋಟರಿನ ಬಿಡಿ ಭಾಗಗಳು. ವ್ಯಾಪಾರ ಚೆನ್ನಾಗಿತ್ತು. ಲೆಕ್ಕ ಬರೆಯುತ್ತಿದ್ದವಳು ನಾನು. ಕೆಂಪು ಬಟ್ಟೆ ಹೊದಿಕೆಯ ಉದ್ದದ ಲೆಡ್ಜರ್, ಈಗಲೂ ಅಟ್ಟದ ಮೇಲೆ ಇದೆ.

2005ರ ಏಪ್ರಿಲ್ 1ಕ್ಕೆ ನಮ್ಮ ರಾಜ್ಯದಲ್ಲಿ ವ್ಯಾಟ್ ಬಂತು. ಅಲ್ಲಿಯವರೆಗೆ ಸೇಲ್ಸ್ ಟ್ಯಾಕ್ಸ್ ಇತ್ತು, ನಾವು ಕೊಳ್ಳುವ ಹೆಚ್ಚಿನ ಮಾಲಿಗೆ ಮೊದಲ ಹಂತದಲ್ಲೇ ತೆರಿಗೆ ಮುಗಿದಿರುತ್ತಿತ್ತು, ನಮಗೆ ತಲೆಬಿಸಿ ಕಡಿಮೆ. ವ್ಯಾಟ್‌ನಲ್ಲಿ ಹಾಗಲ್ಲ. ಪ್ರತಿ ಹಂತದಲ್ಲೂ ತೆರಿಗೆ, ಹಿಂದಿನವರು ಕಟ್ಟಿದ್ದನ್ನು ನಿಮ್ಮ ತೆರಿಗೆಯಿಂದ ಕಳೆಯಬೇಕಾದರೆ ನೀವೂ ನೋಂದಣಿ ಆಗಿರಬೇಕು. ಊರಿನ ವರ್ತಕರೆಲ್ಲ ಗಾಬರಿಯಾಗಿ ಕಲ್ಯಾಣ ಮಂಟಪದಲ್ಲಿ ಸಭೆ ಸೇರಿದರು. ಬೇರೆ ತಾಲೂಕಿನ ಒಬ್ಬ ಎಂಎಲ್‌ಎ ಬಂದಿದ್ದರು, ಆ ಕಾಲದಲ್ಲಿ ದೊಡ್ಡ ಮಾತುಗಾರ. ಹೆಸರು ಬೇಡ, ಈಗ ಅವರ ಮಕ್ಕಳು ಮರ್ಯಾದೆಯಾಗಿ ಬದುಕುತ್ತಿದ್ದಾರೆ. ಅವರು ಹೇಳಿದ್ದು, ಸಣ್ಣ ಅಂಗಡಿಯವರು ಯಾರೂ ನೋಂದಣಿ ಮಾಡಿಸಬೇಡಿ, ಯಾರು ಬರುತ್ತಾರೋ ಬರಲಿ, ನಾನಿದ್ದೇನೆ. ಆಮೇಲೆ ಕೆಳಗಿಳಿದು ಬಂದು ನಿಮ್ಮ ದೊಡ್ಡಪ್ಪನ ಹೆಗಲ ಮೇಲೆ ಕೈ ಹಾಕಿ, ಸೈನಿಕನ ಅಂಗಡಿಗೆ ಕಾಲಿಡೋ ಧೈರ್ಯ ಯಾವ ಅಧಿಕಾರಿಗಿದೆ ಅಂದರಂತೆ. ಎಲ್ಲರೂ ಚಪ್ಪಾಳೆ.

ಮನೆಗೆ ಬಂದು ಅದೇ ಮಾತು. ನಾನು ಅಂದೆ, ರೀ, ಅದನ್ನೇ ಒಂದು ಕಾಗದದಲ್ಲಿ ಬರೆದು ಕೊಡಲಿ ನೋಡೋಣ. ಅವರಿಗೆ ಕೋಪ ಬಂತು. ಸೈನ್ಯದಲ್ಲಿ ಇದ್ದವರಿಗೆ ಮೇಲಿನವರು ಬಾಯಿಬಿಟ್ಟು ಹೇಳಿದರೆ ಆಯಿತು, ಅದೇ ಆರ್ಡರ್. ಹೊರಗಿನ ಪ್ರಪಂಚದಲ್ಲಿ ಹಾಗಿಲ್ಲ ಅನ್ನುವುದು ಅವರ ತಲೆಗೆ ಕೊನೆಯವರೆಗೂ ಹೋಗಲಿಲ್ಲ, ಪಾಪ.

ಎರಡು ವರ್ಷ ಯಾರೂ ಬರಲಿಲ್ಲ. ನೋಡಿದೆಯಾ ಅಂತ ನನಗೇ ಹೇಳುತ್ತಿದ್ದರು. ಆಮೇಲೆ ಒಂದು ಮಧ್ಯಾಹ್ನ ಜೀಪು ಬಂತು. ಊಟದ ಹೊತ್ತು, ಅಂಗಡಿಯಲ್ಲಿ ನಾನೇ ಇದ್ದೆ. ಅಧಿಕಾರಿ ಒಳ್ಳೆಯವರೇ, ಕೂಗಾಡಲಿಲ್ಲ. ಗೋಡೆಯ ಕಂಬಿಗೆ ಚುಚ್ಚಿಟ್ಟಿದ್ದ ಬಿಲ್ಲುಗಳನ್ನು ಒಂದೊಂದಾಗಿ ತೆಗೆದು ಟೇಬಲ್ ಮೇಲೆ ಹರಡಿದರು. ಮಂಗಳೂರಿನ ಹೋಲ್‌ಸೇಲ್ ಅಂಗಡಿಯವರು ತಮ್ಮ ಲೆಕ್ಕ ಕೊಡುವಾಗ ನಮಗೆ ಮಾರಿದ್ದನ್ನೆಲ್ಲ ತೋರಿಸಿದ್ದರು. ಅದರ ಪಟ್ಟಿ ಇವರ ಕೈಯಲ್ಲಿ ಇತ್ತು. ಬೆರಳಿಟ್ಟು ಒಂದೊಂದೇ ಸಾಲು ತಾಳೆ ನೋಡಿದರು. ಒಂದೂ ತಪ್ಪಲಿಲ್ಲ. ನಾನು ಬರೆದ ಲೆಕ್ಕ ಅಷ್ಟು ಸರಿಯಾಗಿತ್ತು, ಅದೇ ನಮ್ಮ ವಿರುದ್ಧ ಸಾಕ್ಷಿಯಾಗಿ ನಿಂತಿತು. ತೆರಿಗೆ, ಅದಕ್ಕೆ ಬಡ್ಡಿ, ಅದರ ಮೇಲೆ ದಂಡ. ನೋಂದಣಿ ಇಲ್ಲದ್ದರಿಂದ ಮಾಲು ಕೊಳ್ಳುವಾಗ ನಾವು ಕಟ್ಟಿದ್ದ ತೆರಿಗೆಯನ್ನು ಕಳೆದುಕೊಡಲೂ ಇಲ್ಲ.

ದೊಡ್ಡಪ್ಪ ಯೂನಿಫಾರ್ಮಿನ ಮೆಡಲ್ ಹಾಕಿಕೊಂಡು ಆ ಎಂಎಲ್‌ಎ ಮನೆಗೆ ಹೋದರು. ಬೆಳಿಗ್ಗೆ ಹೋದವರನ್ನು ಸಂಜೆ ಒಳಗೆ ಕರೆದರು. ಅಷ್ಟೊತ್ತಿಗೆ ಹೆಗಲ ಮೇಲೆ ಕೈ ಹಾಕಿದ್ದು ಅವರಿಗೆ ಮರೆತೇ ಹೋಗಿತ್ತು. ಸಭೆಯಲ್ಲಿ ನೂರು ಹೇಳುತ್ತೇವೆ ಹವಾಲ್ದಾರ್ರೇ, ನಾನೇನು ಬರೆದು ಕೊಟ್ಟಿದ್ದೆನಾ ಅಂದರಂತೆ. ನನ್ನ ಎರಡೆಳೆ ಸರ ಅಡವಿಟ್ಟು ದಂಡ ಕಟ್ಟಿದ್ದು. ಸರ ಬಿಡಿಸಿಕೊಂಡೆವು, ಆದರೆ ಅಂಗಡಿ ಮತ್ತೆ ಮೇಲೇಳಲಿಲ್ಲ. ಅವರ ಮನಸ್ಸೂ ಮೇಲೇಳಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ ಪುಟ್ಟಿ, ಅಳಿಯಂದಿರಿಗೂ ಕೇಳಿಸು. ವೇದಿಕೆ ಮೇಲೆ ಆಡಿದ ಮಾತನ್ನು ತೆರಿಗೆ ಆಫೀಸಿನವರು ಕೇಳುವುದಿಲ್ಲ. ಬರೆದು, ಸೀಲ್ ಹಾಕಿ ಬಂದರೆ ಮಾತ್ರ ನಂಬಿ.

ನಿಮ್ಮ ಈಗಿನ ಎಂಎಲ್‌ಎ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರ ಅಭಿಪ್ರಾಯ ಒಳ್ಳೆಯದೇ ಇರಬಹುದು. ಒಬ್ಬನೇ ಕೂತು ಅಂಗಡಿ ನಡೆಸುವವನಿಗೆ ರಿಟರ್ನು, ಲೆಕ್ಕ, ಅದಕ್ಕೊಬ್ಬ ಲೆಕ್ಕದವನ ಫೀಸು, ಇದೆಲ್ಲ ಭಾರ ಅನ್ನುವುದು ನಿಜ. ಆದರೆ ಜಿಎಸ್‌ಟಿ ಒಬ್ಬ ಎಂಎಲ್‌ಎ ಕೈಯಲ್ಲಿ ಇಲ್ಲವೇ ಇಲ್ಲ. ಅದನ್ನು ತೀರ್ಮಾನ ಮಾಡುವುದು ಜಿಎಸ್‌ಟಿ ಮಂಡಳಿ. ಕೇಂದ್ರದ ಹಣಕಾಸು ಸಚಿವರು ಅಧ್ಯಕ್ಷರು, ಎಲ್ಲ ರಾಜ್ಯದ ಸಚಿವರೂ ಕೂರುತ್ತಾರೆ, ಮುಕ್ಕಾಲು ಪಾಲು ಮತ ಬೇಕು, ಒಟ್ಟು ಮತದಲ್ಲಿ ಮೂರರಲ್ಲಿ ಒಂದು ಪಾಲು ಕೇಂದ್ರದ್ದೇ. 2025ರ ಸೆಪ್ಟೆಂಬರಿನಲ್ಲಿ ದರ ಇಳಿಸಿದ್ದು ಆ ಮಂಡಳಿಯೇ. ನಮ್ಮ ರಾಜ್ಯದ ಕಡೆಯಿಂದ ಕಂದಾಯ ಸಚಿವರಾಗಿದ್ದ ಕೃಷ್ಣ ಬೈರೇಗೌಡರು ಹೋಗಿದ್ದರು. ಎಂಎಲ್‌ಎ ಬೇಕಾದರೆ ಮಂಡಳಿಗೆ ಹೋಗುವ ಸಚಿವರಿಗೆ ಒಂದು ಪತ್ರ ಬರೆಯಬಹುದು, ಅಷ್ಟೇ. ಮಾಜಿ ಸೈನಿಕನ ಅಂಗಡಿ ಅಂತ ಜಿಎಸ್‌ಟಿಯಲ್ಲಿ ಬೇರೆ ಲೆಕ್ಕವೇ ಇಲ್ಲ.

ಈಗ ನಮ್ಮ ಮೈದುನ ಬಂದು ಹೇಳುತ್ತಾನೆ, ಅತ್ತಿಗೆ, 2025ರಲ್ಲಿ ಹೀಗೇ ಯುಪಿಐ ಲೆಕ್ಕ ನೋಡಿ ನೋಟಿಸ್ ಬಂದವರಿಗೆಲ್ಲ ಮಾಫಿ ಆಯ್ತಲ್ಲ ಅಂತ. ಹೌದು, ಆ ಜುಲೈನಲ್ಲಿ ಊರೂರಲ್ಲಿ ಗಲಾಟೆ ಆಯಿತು, ಬೆಂಗಳೂರಿನ ಅಂಗಡಿಗಳಲ್ಲಿ ಯುಪಿಐ ಬೇಡ, ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದರು, ಹಾವೇರಿಯ ತರಕಾರಿ ವ್ಯಾಪಾರಿಗೆ 29 ಲಕ್ಷದ ನೋಟಿಸ್ ಬಂದಿದ್ದು ಪೇಪರಲ್ಲೆಲ್ಲ ಬಂತು. ಬಂದ್ ಮಾಡುತ್ತೇವೆ ಅಂದಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರನ್ನು ಕರೆದು ಹಳೇ ಬಾಕಿ ವಸೂಲಿ ಮಾಡೊಲ್ಲ ಅಂದರು. ಆದರೆ ಅದರ ಜೊತೆಗೇ ಇನ್ನೊಂದು ಮಾತು ಹೇಳಿದ್ದರು, ಮುಂದೆ ನೋಂದಣಿ ಮಾಡಿಸಿ ತೆರಿಗೆ ಕಟ್ಟಲೇಬೇಕು ಅಂತ. ಜನ ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡರು. ಅಳಿಯಂದಿರಿಗೆ ಬಂದಿರುವುದು ಅದಾದ ಮೇಲಿನ ಲೆಕ್ಕದ್ದು, ಗೊತ್ತಿರಲಿ.

ಇನ್ನು ಜಮೀನು. ಆ ಮಾತು ಕೇಳಿದರೇ ನನಗೆ ಹೊಟ್ಟೆ ಉರಿಯುತ್ತದೆ. 1969ರ ಭೂ ಮಂಜೂರಾತಿ ನಿಯಮದಲ್ಲೇ ಮಾಜಿ ಸೈನಿಕರಿಗೆ ಅಂತ ಪಾಲು ಇಟ್ಟಿದ್ದಾರೆ, ಇದು ಯಾರೂ ಹೊಸದಾಗಿ ಕೊಡುವ ದಾನ ಅಲ್ಲ. ದೊಡ್ಡಪ್ಪ ಅರ್ಜಿ ಹಾಕಿದ್ದರು. ಫೈಲು ತಾಲೂಕು ಆಫೀಸಿನಿಂದ ಮೇಲಕ್ಕೆ, ಮೇಲಿನಿಂದ ಸರ್ವೆಗೆ, ಸರ್ವೆಯಿಂದ ಅರಣ್ಯದವರ ಹತ್ತಿರ. ಗೋಮಾಳ ಅಂದರು, ಆಮೇಲೆ ಅರಣ್ಯ ಅಂದರು, ಆಮೇಲೆ ಆದಾಯ ಪ್ರಮಾಣಪತ್ರ ಹಳೆಯದಾಯಿತು ಅಂದರು. ಪ್ರತಿ ಆಗಸ್ಟ್ 15ಕ್ಕೆ ಮೈದಾನಕ್ಕೆ ಕರೆದು ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬೀರುವಿನಲ್ಲಿ ಆ ಶಾಲುಗಳದ್ದೇ ಒಂದು ಖಾನೆ ಇದೆ. ಹಾಸಿಗೆ ಹಿಡಿದ ಮೇಲೂ ಅವರು ಫೈಲ್ ಎಲ್ಲಿಗೆ ಬಂತು ಅಂತ ಕೇಳುತ್ತಿದ್ದರು. ನಾನು ಏನು ಹೇಳಲಿ? ಅವರು ಹೋದ ಮೇಲೆ ನನ್ನನ್ನೇ ಕರೆದು ಶಾಲು ಹಾಕಿದರು. ನಾನು ಮೈಕಿನಲ್ಲೇ ಫೈಲ್ ನಂಬರ್ ಓದಿ ಹೇಳಿ ಬಂದೆ. ಮುಂದಿನ ವರ್ಷ ಕರೆಯಲಿಲ್ಲ.

ಆಸ್ಪತ್ರೆ ವಿಷಯವೂ ಅಷ್ಟೇ. ಮಾಜಿ ಸೈನಿಕರ ಚಿಕಿತ್ಸೆಗೆ ಇಸಿಎಚ್‌ಎಸ್ ಅಂತ 2003ರಿಂದ ಇದೆ, ಒಳ್ಳೆಯ ಯೋಜನೆ, ಇಲ್ಲ ಅನ್ನೊಲ್ಲ. ಆದರೆ ಆ ಪಾಲಿಕ್ಲಿನಿಕ್ಕಿಗೆ ಹೋಗಲು ನನ್ನಂಥವಳು ಬೆಳಗಿನ ಮೊದಲ ಬಸ್ಸು ಹತ್ತಬೇಕು, ಮಂಡಿ ನೋವು ಇಟ್ಟುಕೊಂಡು. ಔಷಧಿ ಬಂದಿಲ್ಲ ಅಂದರೆ ಬರಿಗೈಯಲ್ಲಿ ವಾಪಸ್ಸು. ಈ ಗ್ರೂಪಿನಲ್ಲಿ ಕಾರು ಇರುವವರು ಎಷ್ಟು ಜನ ಇದ್ದೀರಿ? ಒಂದು ದಿನ, ದೊಡ್ಡಮ್ಮ ನಾನು ಕರೆದುಕೊಂಡು ಹೋಗುತ್ತೇನೆ ಅಂದವರು ಯಾರು? ಗುಡ್ ಮಾರ್ನಿಂಗ್ ಹೂವಿನ ಫೋಟೋ ಮಾತ್ರ ತಪ್ಪದೆ ಬರುತ್ತದೆ. ಇರಲಿ, ಪುಟ್ಟಿ ನೀನು ಒಂದು ಸಲ ಬಂದಿದ್ದೆ, ನಿನಗೆ ಅನ್ನುತ್ತಿಲ್ಲ.

ಅದಕ್ಕೆ ಆ ಎಂಎಲ್‌ಎಯನ್ನು ಕೇಳುವುದಾದರೆ ಅವರ ಕೈಯಲ್ಲಿ ಇರುವುದನ್ನು ಕೇಳಿ. ಪಿಂಚಣಿ, ಕ್ಯಾಂಟೀನ್, ಇಸಿಎಚ್‌ಎಸ್ ಎಲ್ಲ ಕೇಂದ್ರದ ರಕ್ಷಣಾ ಇಲಾಖೆಯದ್ದು, ಅವರು ಏನೂ ಮಾಡಲಾರರು. ಆದರೆ ಸರಕಾರಿ ಜಮೀನಿನ ಸಾಗುವಳಿ ಸಕ್ರಮ ಮಾಡುವ ತಾಲೂಕಿನ ಬಗರ್ ಹುಕುಂ ಸಮಿತಿಗೆ ಅಧ್ಯಕ್ಷರು ಅವರೇ, ಕಂದಾಯದ ಅಧಿಕಾರಿಗಳು ಅವರ ಮಾತಿಗೆ ಎದ್ದು ನಿಲ್ಲುತ್ತಾರೆ. ಜಮೀನಿನ ಫೈಲ್ ಯಾಕೆ ನಿಂತಿದೆ ಅಂತ ಬರವಣಿಗೆಯಲ್ಲಿ ಕೇಳಬಹುದು. ವರ್ಷಕ್ಕೆ ಎರಡು ಕೋಟಿ ಶಾಸಕರ ನಿಧಿ ಇದೆ. ಸೈನಿಕ ಕಲ್ಯಾಣ ಇಲಾಖೆ ರಾಜ್ಯದ್ದೇ, ಅದರ ಅಧಿಕಾರಿಯನ್ನು ತಿಂಗಳಿಗೊಮ್ಮೆ ತಾಲೂಕಿಗೆ ಕಳಿಸಿ ಅಂತ ಸದನದಲ್ಲಿ ಕೇಳಲಿ. ವೃತ್ತಿ ತೆರಿಗೆ ರಾಜ್ಯದ ಕಾನೂನು, ವರ್ಷಕ್ಕೆ 2,500 ರೂಪಾಯಿ, ಸೈನಿಕರ ಸಣ್ಣ ಅಂಗಡಿಗೆ ಅದನ್ನು ಬಿಡಿಸಿ ಅಂತ ಕೇಳಿದರೆ ಅದಕ್ಕೊಂದು ಅರ್ಥ ಇದೆ. ಇದನ್ನೆಲ್ಲ ಮನವಿಯಲ್ಲಿ ಬರೆದು, ಪ್ರತಿಯ ಮೇಲೆ ಸ್ವೀಕರಿಸಿದ್ದಕ್ಕೆ ಸಹಿ ತೆಗೆದುಕೊಳ್ಳಿ.

ಅಯ್ಯೋ, ಇಷ್ಟೆಲ್ಲ ಮಾತಾಡಿ ನೀನು ಕೇಳಿದ್ದನ್ನೇ ಬಿಟ್ಟೆ ನೋಡು. ನೋಟಿಸ್ ವಿಷಯ. ನಮ್ಮ ಚಿಕ್ಕವನು ಮೈಸೂರಿನಲ್ಲಿ ಆಡಿಟರ್ ಆಫೀಸಿನಲ್ಲಿ ಇದ್ದಾನಲ್ಲ, ಅವನನ್ನು ಈಗಷ್ಟೇ ಕೇಳಿದೆ. ಮೊದಲು ದೇವರ ಫೋಟೋ ಹಿಂದಿನಿಂದ ಅದನ್ನು ತೆಗೆದು, ಉತ್ತರ ಕೊಡಲು ಯಾವ ದಿನಾಂಕ ಹಾಕಿದ್ದಾರೆ ನೋಡಿ. ಅದರೊಳಗೆ ಉತ್ತರ ಹೋಗಲೇಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ, ಅದರಲ್ಲಿ ವ್ಯಾಪಾರದ ದುಡ್ಡು ಯಾವುದು, ಪಿಂಚಣಿ ಯಾವುದು, ತಮ್ಮ ಕಳಿಸಿದ್ದು, ಚೀಟಿ ದುಡ್ಡು ಯಾವುದು ಅಂತ ಗುರುತು ಮಾಡಿ. ಪಿಂಚಣಿ, ಸಾಲ ವಾಪಸ್ಸು ಬಂದಿದ್ದು ಇವೆಲ್ಲ ವ್ಯಾಪಾರ ಅಲ್ಲ. ಬಿಡಿ ಅಕ್ಕಿ, ಬೇಳೆ, ಹಾಲು, ತರಕಾರಿಗೆ ತೆರಿಗೆ ಇಲ್ಲ, ಆದರೆ ನೋಂದಣಿಯ ಮಿತಿ 40 ಲಕ್ಷ ಆಯಿತಾ ಇಲ್ಲವಾ ಅಂತ ನೋಡುವಾಗ ಅದೂ ಸೇರುತ್ತದೆ. ಅಳಿಯಂದಿರ ಅಂಗಡಿಯಲ್ಲಿ ಸೋಪು, ಬಿಸ್ಕತ್ತು ಎಲ್ಲ ಇದೆ, ಹಾಗಾಗಿ ನೋಂದಣಿ ತಪ್ಪೊಲ್ಲ.

ಆದರೆ ಹೆದರುವಂಥದ್ದಲ್ಲ. ನೋಂದಣಿಗೆ ಸರಕಾರದ ಫೀಸು ಇಲ್ಲ. ವರ್ಷದ ವಹಿವಾಟು ಒಂದೂವರೆ ಕೋಟಿ ಒಳಗೆ ಇದ್ದರೆ ಕಾಂಪೊಸಿಷನ್ ಅಂತ ಇದೆ, ನೋಂದಣಿ ಅರ್ಜಿಯಲ್ಲೇ ಅದನ್ನು ಆರಿಸಿಕೊಳ್ಳಬೇಕು. ತೆರಿಗೆ ಇರುವ ಮಾಲಿನ ಮಾರಾಟದ ಮೇಲೆ ಶೇಕಡಾ 1 ಕಟ್ಟಿದರೆ ಆಯಿತು. ಮೂರು ತಿಂಗಳಿಗೊಮ್ಮೆ 18ನೇ ತಾರೀಖಿನೊಳಗೆ ಕಟ್ಟುವುದು, ವರ್ಷಕ್ಕೊಂದು ರಿಟರ್ನು. ಗಿರಾಕಿಯ ಬಿಲ್ಲಿನಲ್ಲಿ ತೆರಿಗೆ ಅಂತ ಹಾಕುವ ಹಾಗಿಲ್ಲ, ಕೈಯಿಂದಲೇ ಕಟ್ಟಬೇಕು, ಬೇರೆ ರಾಜ್ಯಕ್ಕೆ ಮಾಲು ಮಾರುವ ಹಾಗೂ ಇಲ್ಲ. ಮುಖ್ಯವಾಗಿ ಇದನ್ನು ಕೇಳು: ಮಿತಿ ದಾಟಿದ 30 ದಿನದೊಳಗೆ ಅರ್ಜಿ ಹಾಕಬೇಕಿತ್ತು. ನೋಂದಣಿ ಇಲ್ಲದೆ ಕಳೆದ ದಿನಗಳಿಗೆ ಈ ಶೇಕಡಾ 1 ಸಿಗುವುದಿಲ್ಲ, ಪೂರ್ತಿ ದರದಲ್ಲಿ ಕೇಳುತ್ತಾರೆ. ಎಂಎಲ್‌ಎ ಸದನದಲ್ಲಿ ಮಾತಾಡುವವರೆಗೆ ಕಾಯುವ ಒಂದೊಂದು ದಿನವೂ ದುಬಾರಿ.

ಇನ್ನೊಂದು. ಅಂಗಡಿಯ ಕ್ಯೂಆರ್ ಪಿಂಚಣಿ ಬರುವ ಖಾತೆಗೇ ಇದೆ ಅಲ್ವಾ? ನಾನು ಹೋದ ಸಲ ಬಂದಾಗಲೇ ನೋಡಿದ್ದೆ. ನಾಳೆಯೇ ಬ್ಯಾಂಕಿಗೆ ಹೋಗಿ ಅಂಗಡಿಗೆ ಬೇರೆ ಕರೆಂಟ್ ಖಾತೆ ತೆರೆಯಲಿ, ಹಳೇ ಸ್ಟಿಕ್ಕರ್ ಕಿತ್ತು ಹೊಸದು ಅಂಟಿಸಲಿ. ಪಿಂಚಣಿ ಖಾತೆಗೆ ವ್ಯಾಪಾರದ ಒಂದು ರೂಪಾಯಿಯೂ ಬರಬಾರದು.

ನೋಟಿಸಿನ ಫೋಟೋ ಈ ಗ್ರೂಪಿಗೆ ಹಾಕಬೇಡ, ಅದರಲ್ಲಿ ಪಾನ್ ನಂಬರ್ ಇರುತ್ತದೆ. ಚಿಕ್ಕವನಿಗೆ ನೇರವಾಗಿ ಕಳಿಸು. ಅವನು ಇವತ್ತು ಎಂಟು ಗಂಟೆ ಮೇಲೆ ಫೋನ್ ತೆಗೆಯುತ್ತಾನೆ, ಅಳಿಯಂದಿರೇ ಮಾತಾಡಲಿ.