ದಿನಾ ನಾಲ್ಕು ಅಧ್ಯಾಯ ಓದಿದರೂ ಮನಸ್ಸು ಮಾತ್ರ ಹಳೆಯದೇ: ರೋಮಾ 12:2 ದಿನಚರಿಯಲ್ಲಿ ಹೇಗೆ?

ಬೆಣ್ಣೆನಗರಿ ಓದುಗ (ದಾವಣಗೆರೆ)

ಎಲ್ಲರಿಗೂ ವಂದನೆಗಳು. ನಮ್ಮ ವಾಕ್ಯಾಧ್ಯಯನದ ಗುಂಪಿನಲ್ಲಿ ಹೆಚ್ಚಿನವರು ಎಪಿಎಂಸಿ ಮಂಡಿಯಲ್ಲಿ, ಜವಳಿ ಅಂಗಡಿಗಳಲ್ಲಿ ದುಡಿಯುವವರು. ವರ್ಷಕ್ಕೊಮ್ಮೆ ಬೈಬಲ್ ಮುಗಿಸುವ ಪಟ್ಟಿ ಹಿಡಿದು ಓದುತ್ತಾರೆ. ಆದರೆ ಗಿರಾಕಿ ಚೌಕಾಸಿಗೆ ನಿಂತರೆ ಅದೇ ಸಿಟ್ಟು, ಸಾಲದ ಕಂತಿನ ದಿನ ಬಂದರೆ ಅದೇ ಭಯ. ಬೆಳಗ್ಗೆ ಸಿಗುವುದು 25 ನಿಮಿಷ. ಲೋಕದ ನಡವಳಿಕೆಯನ್ನು ಅನುಸರಿಸದೆ ನೂತನ ಮನಸ್ಸು ಹೊಂದಿ ಬದಲಾಗಿರಿ ಎನ್ನುತ್ತದೆ ರೋಮಾ 12:2. ಆ "ನೂತನ ಮನಸ್ಸು" ಅಷ್ಟರಲ್ಲಿ ಹೇಗೆ? ಕ್ರಮ ಗೊತ್ತಿದ್ದವರು ಬಿಡಿಸಿ ಹೇಳಿ.

ಕೋಟೆನಾಡು (ಚಿತ್ರದುರ್ಗ)

ಮೊದಲು ವಚನವನ್ನೇ ನೋಡೋಣ. ನಮ್ಮ ಹಳೆಯ ಸತ್ಯವೇದದಲ್ಲಿ (ಕನ್ನಡ ಬೈಬಲಿನಲ್ಲಿ) "ಪರಲೋಕಭಾವದವರಾಗಿರಿ" ಎಂದಿದೆ. ಗ್ರೀಕ್ ಮೂಲದ ಪದ ಮೆಟಮಾರ್ಫೂಸ್ಥೆ, ಅಂದರೆ "ರೂಪಾಂತರ ಹೊಂದಿರಿ". ಬೆಟ್ಟದ ಮೇಲೆ ಯೇಸುವಿನ ರೂಪ ಬದಲಾದದ್ದನ್ನು ಮತ್ತಾಯ 17:2 ಹೇಳುವುದೂ ಇದೇ ಕ್ರಿಯಾಪದದಿಂದ. ಅದು ಕರ್ಮಣಿ ರೂಪ: ಬದಲಿಸುವವನು ದೇವರು, ನಾವು ಒಪ್ಪಿಸಿಕೊಡುವವರು. ವರ್ತಮಾನಕಾಲದ್ದು ಕೂಡ, ಅಂದರೆ ನಡೆಯುತ್ತಲೇ ಇರಬೇಕಾದ ಕೆಲಸ. ಇನ್ನೊಂದು ಮಾತು: ಕನ್ನಡದ "ಇರಿ" ಗೌರವಕ್ಕೂ ಬರುತ್ತದೆ, ಬಹುವಚನಕ್ಕೂ ಬರುತ್ತದೆ. ಇಲ್ಲಿರುವುದು ಬಹುವಚನ, ಇಡೀ ಸಭೆಗೆ ಹೇಳಿದ ಮಾತು. ನೀವು ಗುಂಪಾಗಿ ಕೇಳಿದ್ದು ಅದಕ್ಕೇ ಸರಿಯಾಗಿದೆ.

ಇನ್ನು ಓದಿನ ಪ್ರಮಾಣ. ಬೈಬಲಿನಲ್ಲಿ 1189 ಅಧ್ಯಾಯಗಳಿವೆ, ವರ್ಷಕ್ಕೆ ಮುಗಿಸಲು ದಿನಕ್ಕೆ ಮೂರು ನಾಲ್ಕು ಬೇಕು. ಕಥಾಭಾಗ ಸರಾಗ ಹೋಗುತ್ತದೆ, ಬಲಿ, ನಿಯಮಗಳೇ ತುಂಬಿರುವ ಯಾಜಕಕಾಂಡಕ್ಕೆ ಬಂದಾಗ ಕಣ್ಣು ಓಡುತ್ತದೆ, ಮನಸ್ಸು ಅಂಗಡಿಯಲ್ಲಿರುತ್ತದೆ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯ, ವಾರಕ್ಕೆ ಐದರಂತೆ ಸರಿಯಾಗಿ 52 ವಾರ. ಅದನ್ನು ಬಸ್ಸಿನಲ್ಲಿ ಓದಲಿ. ಬೆಳಗಿನ 25 ನಿಮಿಷಕ್ಕೆ ಎಂಟು ಹತ್ತು ವಚನ ಸಾಕು. ಒಮ್ಮೆ ಮೌನವಾಗಿ, ಒಮ್ಮೆ ಗಟ್ಟಿಯಾಗಿ, ಮೂರನೆಯ ಸಲ ನಿಧಾನವಾಗಿ ಓದಿ ಎಲ್ಲಿ ಮನಸ್ಸು ತಡೆಯುತ್ತದೋ ಅಲ್ಲಿ ನಿಲ್ಲಬೇಕು. ಆ ಒಂದು ವಚನವನ್ನು ಚೀಟಿಯಲ್ಲಿ ಬರೆದು ಅಂಗಿ ಜೇಬಿಗೆ ಹಾಕಿಕೊಳ್ಳಲಿ.

ಕೀರ್ತನೆ 1:2ರಲ್ಲಿ "ಧ್ಯಾನ" ಎಂದಿರುವ ಕಡೆ ಹೀಬ್ರೂ ಪದ ಹಾಗಾ. ಬೇಟೆಯ ಮೇಲೆ ಸಿಂಹ ಗುರುಗುಟ್ಟುವುದಕ್ಕೂ (ಯೆಶಾಯ 31:4), ಪಾರಿವಾಳದ ಗೂಗುಡುವಿಕೆಗೂ (38:14) ಅದೇ ಪದ. ಬಾಯಲ್ಲಿ ಗುನುಗುವ ಧ್ಯಾನ ಅದು. ಮೂಟೆ ಎಣಿಸುವಾಗ, ಷಟರ್ ಎತ್ತುವಾಗ ಗುನುಗಬಹುದು.

ಎಫೆಸ ನಾಲ್ಕು

ಕೋಟೆನಾಡು ಅವರ ಮಾತಿಗೆ ಮುಂದುವರಿಕೆ. ಓದು ನೆಟ್ಟಗಿದ್ದರೂ ಹಲವರಿಗೆ ಕೈಕೊಡುವುದು ಇಲ್ಲಿ: ಹಳೆಯ ಯೋಚನೆಯನ್ನು ಹೊರಹಾಕಲು ಹೆಣಗುತ್ತಾರೆ, ಆ ಜಾಗದಲ್ಲಿ ಏನನ್ನೂ ಇಡುವುದಿಲ್ಲ. ಗುಡಿಸಿ ಖಾಲಿ ಬಿಟ್ಟ ಮನೆಗೆ ಏಳು ದೆವ್ವ ಬಂದು ಸೇರಿದ ಮಾತು ಲೂಕ 11ರಲ್ಲಿ ಇದೆಯಲ್ಲ, ಅದೇ ಗತಿ. ಎಫೆಸ 4:22-24ರಲ್ಲಿ ಮೂರು ಕೆಲಸ ಒಟ್ಟಿಗೆ ಬರುತ್ತವೆ: ಪೂರ್ವಸ್ವಭಾವ ತೆಗೆದುಹಾಕುವುದು, ಒಳಗೆ ಹೊಸಬರಾಗುವುದು, ನೂತನಸ್ವಭಾವ ಧರಿಸಿಕೊಳ್ಳುವುದು. ಮುಂದಿನ ವಚನಗಳಲ್ಲಿ ಈ ಪತ್ರದ ಪೌಲನೇ ಬಿಡುವುದಕ್ಕೂ ಮಾಡುವುದಕ್ಕೂ ಜೋಡಿ ಕೊಡುತ್ತಾನೆ. ಕಳ್ಳ ಕದಿಯುವುದು ಬಿಟ್ಟರೆ ಸಾಲದು, ದುಡಿಯಬೇಕು, ದುಡಿದದ್ದರಲ್ಲಿ ಇಲ್ಲದವರಿಗೆ ಕೊಡಬೇಕು.

ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ "ಸಿಟ್ಟು" ಎಂದು ಬರೆಯಬೇಡಿ. ತಲೆಯಲ್ಲಿ ಓಡಿದ ಮಾತನ್ನೇ ಬರೆಯಿರಿ: "ಇವನು ನನ್ನನ್ನು ದಡ್ಡ ಅಂದುಕೊಂಡಿದ್ದಾನೆ, ಬಿಡಬಾರದು." ಎರಡನೆಯದರಲ್ಲಿ ಅದಕ್ಕೆ ನೇರ ಉತ್ತರವಾಗುವ ವಚನ, ಇಲ್ಲಿ ಎಫೆಸ 4:29 (ಕೆಟ್ಟ ಮಾತು ಬಾಯಿಂದ ಹೊರಡಬಾರದು). ಮೂರನೆಯದರಲ್ಲಿ ಮಾಡುವ ಕೆಲಸ: ದರ ಒಂದೇ ಸಲ, ಮೆಲುದನಿಯಲ್ಲಿ ಹೇಳಿ ಸುಮ್ಮನಾಗುವುದು. ಮೆಕ್ಕೆಜೋಳದ ಸುಗ್ಗಿಯಲ್ಲಿ ತೂಕದಲ್ಲಿ ಮೋಸಮಾಡುವ ಆಸೆ ಕಾಡಿದರೆ ಜ್ಞಾನೋಕ್ತಿ 11:1 (ಮೋಸದ ತಕ್ಕಡಿ ದೇವರಿಗೆ ಅಸಹ್ಯ). ಕಂತಿನ ಭಯಕ್ಕೆ ಫಿಲಿಪ್ಪಿ 4:6-7 (ಚಿಂತೆ ಬಿಟ್ಟು ದೇವರಿಗೆ ತಿಳಿಸಿರಿ). ಜೊತೆಗೆ ಮೂರನೆಯ ಕಾಲಂನಲ್ಲಿ ಕಂತಿನ ತಾರೀಖು, ಮೊತ್ತ ಬರೆದು ಮನೆಯವರಿಗೆ ತೋರಿಸುವುದು. ಭಯ ಮಬ್ಬಿನಲ್ಲಿ ಬೆಳೆಯುತ್ತದೆ.

ಎಲ್ಲದಕ್ಕೂ ಫಿಲಿಪ್ಪಿ 4:13 (ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನಾಗಿದ್ದೇನೆ) ಹಚ್ಚುವುದು ದೊಡ್ಡ ತಪ್ಪು. ಆ ವಚನ ಹಸಿವೆಯಲ್ಲೂ ಸಮೃದ್ಧಿಯಲ್ಲೂ ತೃಪ್ತನಾಗಿರುವ ಬಗ್ಗೆ. ಒಂದು ಸಲಕ್ಕೆ ಒಂದೇ ಯೋಚನೆ ಹಿಡಿಯಿರಿ, ಒಂದೇ ಚೀಟಿ ಎರಡು ವಾರ ಇರಲಿ. ದಿನಕ್ಕೊಂದು ಹೊಸ ವಚನವಾದರೆ ಯಾವುದೂ ಬೇರುಬಿಡುವುದಿಲ್ಲ.

ತುಂಗಭದ್ರಾ ತೀರ (ಹರಿಹರ)

ರಾತ್ರಿಯ ಹತ್ತು ನಿಮಿಷವನ್ನು ಯಾರೂ ಹೇಳಲಿಲ್ಲ. ನಮ್ಮ ಕಥೋಲಿಕರಲ್ಲಿ ಸಂತ ಇಗ್ನೇಷಿಯಸರು 16ನೇ ಶತಮಾನದಲ್ಲಿ ಕಲಿಸಿದ ಆತ್ಮಪರಿಶೋಧನೆ ಇದೆ, ಯಾವ ಸಭೆಯವರೂ ಮಾಡಬಹುದು. ಮೊದಲು ಕೃತಜ್ಞತೆ, ಬಳಿಕ ಪವಿತ್ರಾತ್ಮರ ಬೆಳಕಿಗಾಗಿ ಬೇಡಿಕೆ, ದಿನವನ್ನು ಗಂಟೆ ಗಂಟೆಯಾಗಿ ನೋಡುವುದು, ಕ್ಷಮೆ ಕೇಳುವುದು, ನಾಳೆಗೆ ಒಂದು ತೀರ್ಮಾನ. ಕೃತಜ್ಞತೆ ಬಿಟ್ಟು ತಪ್ಪಿನಿಂದಲೇ ಶುರುಮಾಡಿದರೆ ಅದು ತನ್ನನ್ನು ತಾನೇ ಹಳಿದುಕೊಳ್ಳುವುದಾಗುತ್ತದೆ. ಅಂಥವರು ರೋಮಾ 8:1ರಿಂದ (ಕ್ರಿಸ್ತನಲ್ಲಿರುವವರಿಗೆ ಅಪರಾಧನಿರ್ಣಯವಿಲ್ಲ) ಆರಂಭಿಸಲಿ.

ರೋಮಾ 12:2ಕ್ಕಿಂತ ಮೊದಲು 12:1 ಇದೆ, ಅದು ದೇಹವನ್ನು ದೇವರಿಗೆ ಒಪ್ಪಿಸುವ ಮಾತು. ನಿದ್ದೆಗೆಟ್ಟು ಬೆಳಗ್ಗೆ ಬೈಬಲ್ ತೆರೆದರೆ ತೂಕಡಿಕೆಯೇ ಗತಿ. ಮೊಬೈಲ್ ಬೇರೆ ಕೋಣೆಯಲ್ಲಿ ಚಾರ್ಜಿಗಿರಲಿ. ಎರಡು ವಾರಕ್ಕೂ ಮೀರಿ ನಿದ್ದೆ, ಊಟ, ಆಸಕ್ತಿ ಹೋಗಿದ್ದರೆ ವೈದ್ಯರ ಬಳಿ ಕರೆದೊಯ್ಯಿರಿ. ಅದನ್ನು ವಿಶ್ವಾಸದ ಕೊರತೆ ಎನ್ನಬೇಡಿ, ದಯವಿಟ್ಟು.

ಬೆಣ್ಣೆನಗರಿ ಓದುಗ

ತುಂಬಾ ಉಪಕಾರವಾಯಿತು. ನಡುವೆ ನಾಲ್ಕು ದಿನ ತಪ್ಪಿದರೆ?

ಎಫೆಸ ನಾಲ್ಕು

ಬಾಕಿ ತೀರಿಸಲು ಹೋಗಬೇಡಿ, ಹೆಚ್ಚಿನವರು ಪೂರ್ತಿ ಬಿಡುವುದು ಅಲ್ಲೇ. 2 ಕೊರಿಂಥ 4:16 ಹೇಳುವುದು "ದಿನೇ ದಿನೇ". ಇವತ್ತಿನ ಎಂಟು ವಚನ ಓದಿ, ಹಳೆಯ ಚೀಟಿಯನ್ನೇ ಜೇಬಿಗಿಡಿ. ವಾರಕ್ಕೊಮ್ಮೆ ಇಬ್ಬಿಬ್ಬರು ಕೂತು ಮೊದಲ ಕಾಲಂ ಒಬ್ಬರಿಗೊಬ್ಬರು ಓದಿ ಹೇಳಿ. ಅಲ್ಲಿ ಕೇಳಿದ್ದು ಅಲ್ಲೇ ಉಳಿಯಲಿ, ಪ್ರಾರ್ಥನಾ ಕೂಟದ ಸುದ್ದಿಯಾಗಬಾರದು.